ಹೇಳಿ ತಗೀಬೇಕು ಅನ್ನುತ್ತಿದ್ದ ಕಾಕಾ

ನಾನು ಸಾಲಿ ಬಿಟ್ಟದ್ದು 2001ರಲ್ಲಿ, ಎಂಟನೇ ಇಯತ್ತೆಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ. ನಮ್ಮೂರು ತುಕ್ಕಾನಟ್ಟಿಯಲ್ಲಿ ಅಪ್ಪ ಕಬ್ಬಿನ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನ ಕುಡಗೋಲು ಗ್ವಾಡಿಗೆ ಸುಮ್ಮನೆ ನಿಂತಿತ್ತು, ನಾನು ತೆಗೆದುಕೊಂಡೆ. ಇಂಗ್ಲಿಷ್ ಮಾಸ್ತರರು ಹೊಲಕ್ಕೇ ಬಂದು ಕರೆದರು. ನಾನು ಕಬ್ಬಿನ ಸೂಡು ಕಟ್ಟುತ್ತಲೇ ಮಾತಾಡಿದೆ, ತಲೆ ಎತ್ತಲಿಲ್ಲ. ಕಲಿಯದೆ ಇದ್ದದ್ದಕ್ಕೆ ನನಗೆ ಎಂದೂ ನಾಚಿಕೆಯಾಗಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅದು ಖರೆ ಅಲ್ಲ. ನಾಚಿಕೆ ಇತ್ತು. ಆ ನಾಚಿಕೆ ಒಮ್ಮೆ ಒಬ್ಬರ ಮನೆಯ ಒಂದು ವಸ್ತುವನ್ನು ನುಂಗಿತು. ಆ ಒಬ್ಬರ ಬಗ್ಗೆ ಈಗ ಬರೆಯುತ್ತಿದ್ದೇನೆ.

ಗಿರಾಕಿಗಳಿಂದ ಹಿಡಿದು ಚಹಾದವನ ತನಕ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಗೋಕಾಕದಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಮನೆ ಬೆಲ್ಲದ ಬಾಗೇವಾಡಿಯಲ್ಲಿ. ದಿನಾ ಬಸ್ಸಿಗೆ ಬರುವುದು, ಬಸ್ಸಿಗೆ ಹೋಗುವುದು. ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅದಕ್ಕೇ ಅವರ ಡಬ್ಬಿಗೆ ಎರಡು ಅಂತಸ್ತು: ಕೆಳಗಿನದು ಮಧ್ಯಾಹ್ನಕ್ಕೆ, ಮೇಲಿನದು ಐದು ಗಂಟೆಗೆ. ಐದಕ್ಕೆ ಯಾವ ದೊಡ್ಡ ಮನುಷ್ಯ ಬಂದು ನಿಂತರೂ ಕಾಕಾ ಕೈ ತೊಳೆದುಕೊಂಡು ಡಬ್ಬಿ ಬಿಚ್ಚುವವರೇ.

ನಾನು ಆಗ ಮೂಡಲಗಿಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಿದ್ದೆ. ಸುಟ್ಟ ಬೋರಿನ ಮೋಟರು ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಒಂದು ಮುಂಜಾನೆ ಅವರು ಅಂಗೈಯಷ್ಟು ಒಂದು ಕರಿ ಡಬ್ಬಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಕಂಪ್ಯೂಟರಿಗೆ ಹೊರಗಿನಿಂದ ವೈರ್ ಹಚ್ಚಿ ನಡೆಸುವ ಡ್ರೈವ್ ಅದು. ವೈರ್ ಕೂಡುವ ಬಾಯಿ ಮುರಿದಿದೆ, ಸಾಸಿವೆಕಾಳಿನಷ್ಟು ಜಾಗದಲ್ಲಿ ಬೆಸುಗೆ ಹಾಕಬೇಕು, ಗೋಕಾಕದಲ್ಲಿ ಯಾರ ಕೈಯೂ ನಿಲ್ಲುತ್ತಿಲ್ಲ ಎಂದರು. ನಾನು ಉಸಿರು ಹಿಡಿದು ಹಾಕಿಕೊಟ್ಟೆ. ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಇಂಥಾ ಕೈ ತಗೊಂಡು ಮೋಟರಿನ್ಯಾಗ ಯಾಕ ಸವಸಾಕತ್ತೀಪಾ?" ಎಂದರು. ಆ ಮಾತು ನನ್ನ ಎದೆಗೆ ಹತ್ತಿತು. ಮುಂದಿನ ತಿಂಗಳೇ ಅವರ ಅಂಗಡಿಯಲ್ಲಿ ನನ್ನ ಮೇಜು ಬಿತ್ತು. ಬೆಸುಗೆ ನನ್ನದು, ಪರದೆಯ ಮೇಲಿನ ಓದು ಅವರದು ಎಂದು ಕೆಲಸ ತಾನಾಗಿಯೇ ಹಂಚಿಹೋಯಿತು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಜನ ಡ್ರೈವುಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಕಂಪ್ಯೂಟರ್ ಗುರುತು ಹಿಡಿಯುತ್ತಿಲ್ಲ ಎಂಬುದೊಂದೇ ಎಲ್ಲರ ದೂರು. ಕಾಕಾ ಡ್ರೈವಿಗೆ ಏನಾಯಿತು ಎಂದು ಕೇಳುತ್ತಿರಲಿಲ್ಲ. ಮೊದಲು ಒಳಗೆ ಏನಿದೆ ಎಂದು ಕೇಳುವರು. ಆಮೇಲೆ, ಕಡೆಗೆ ಅದನ್ನು ಕಂಪ್ಯೂಟರಿನಿಂದ ಕಿತ್ತವರು ಯಾರು ಎಂದು. ಉತ್ತರ ಎರಡನ್ನೂ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದು, ಕೆಲಸ ಮುಗಿದ ಮೇಲೆ ಮೂರನೆಯ ಮನೆಯಲ್ಲಿ ಏನು ಬಂತು, ಅಂದರೆ ಏನೇನು ತಿರುಗಿ ಸಿಕ್ಕಿತು ಎಂದು ತುಂಬುವರು. ಒಳಗೇನಿತ್ತು, ಯಾರು ಕಿತ್ತರು, ಏನು ಬಂತು. ಅಷ್ಟರಲ್ಲಿ ಮನುಷ್ಯನ ಹಣೆಬರಹ ಮುಗಿಯಿತು ಅನ್ನುವ ಹಾಗೆ ಅಲ್ಲಿ ನಾಲ್ಕನೆಯ ಮನೆಯೇ ಇರಲಿಲ್ಲ.

ಆಮೇಲೆ ವೈರ್. ನೂರರಲ್ಲಿ ಅರ್ಧ ತಪ್ಪು ವೈರಿನದೇ ಅನ್ನುತ್ತಿದ್ದರು. "ವೈರ್ ನೋಡಿ ನಂಬಬ್ಯಾಡ. ಹೊರಗ ಎಲ್ಲಾ ಸುದ್ದ ಇರ್ತಾವ, ಒಳಗ ಹರಿದಿರತೈತಿ." ಸತ್ತ ವೈರಿಗೆ ಕೆಂಪು ದಾರ ಕಟ್ಟಿ ಬೇರೆ ಇಡಬೇಕು, ಮತ್ತೆ ಪೆಟ್ಟಿಗೆಗೆ ಸೇರಿಸಬಾರದು. ವೈರ್ ಬದಲಿಸಿದರೂ ಆಗದಿದ್ದರೆ ಕಂಪ್ಯೂಟರಿನ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಹಚ್ಚಬೇಕು, ಅಲ್ಲಿ ಕರೆಂಟ್ ಗಟ್ಟಿ. ಅದೂ ಆಗದಿದ್ದರೆ ಬೇರೆ ಯಂತ್ರ. ಒಮ್ಮೊಮ್ಮೆ ಎರಡು ಡ್ರೈವುಗಳಿಗೆ ಒಂದೇ ಅಕ್ಷರದ ಹೆಸರು ಬಿದ್ದು, ಆಮೇಲೆ ಹಚ್ಚಿದ್ದು ಕಾಣುವುದೇ ಇಲ್ಲ. ಕಾಕಾ ಅದನ್ನು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಜಗಳ ಎನ್ನುತ್ತಿದ್ದರು. ಬೇರೆ ಅಕ್ಷರ ಕೊಟ್ಟು ಕೂಡಿಸಿದರೆ ಮುಗಿಯಿತು. ಡ್ರೈವನ್ನು ಕಿವಿಗೆ ಹಿಡಿದಾಗ ಒಳಗೆ ಟಕ್ ಟಕ್ ಎಂದರೆ ಮಾತ್ರ ಅವರ ಮುಖ ಬದಲಾಗುತ್ತಿತ್ತು. ಅಂಥದ್ದನ್ನು ಪದೇ ಪದೇ ಚಾಲೂ ಮಾಡಬಾರದು. ಉಸಿರಿರುವ ತನಕ ಬಂದದ್ದನ್ನು ಬೇರೆ ಡ್ರೈವಿಗೆ ಇಳಿಸಿಕೊಳ್ಳಬೇಕು.

ಖಂಡೇನವಮಿ ಮುಗಿದ ವಾರ ನಮ್ಮಲ್ಲಿ ಜಾತ್ರೆಯಷ್ಟು ಜನ. ಟ್ರ್ಯಾಕ್ಟರಿಗೆ, ಮೋಟರಿಗೆ ಪೂಜೆ ಮಾಡಿದ ಕೈಯಿಂದಲೇ ಡ್ರೈವಿನ ಬಾಯಿಗೂ ಅರಿಷಿಣ ಕುಂಕುಮ ಹಚ್ಚಿಬಿಡುತ್ತಿದ್ದರು. ಅದು ಒಳಗೆ ಇಳಿದು ಗಟ್ಟಿಯಾಗುತ್ತಿತ್ತು. ಕಾಕಾ ಸಣ್ಣ ಬ್ರಷ್ ತೆಗೆದುಕೊಂಡು, "ದೇವ್ರು ಒಳಗ ಹೊಕ್ಕಾನ್ರಿ, ಹೊರಗ ಕರ್ಯೂನು ತಡೀರಿ" ಎಂದು ನಗಿಸುತ್ತ ಒಂದೊಂದೇ ಕಣ ತೆಗೆಯುವರು.

ನಗದೆ ಹೇಳುತ್ತಿದ್ದದ್ದು ಒಂದೇ ಮಾತು. ಡ್ರೈವನ್ನು ಹಾಗೇ ಕೀಳಬಾರದು. ಪರದೆಯ ಮೂಲೆಯಲ್ಲಿ ಒತ್ತಿ, ತೆಗೆಯುತ್ತೇನೆಂದು ಕಂಪ್ಯೂಟರಿಗೆ ಮೊದಲು ತಿಳಿಸಬೇಕು. ಗಿರಾಕಿಗಳಿಗೆ ಹೇಳುವರು: "ಬೀಗರ ಮನಿಯಿಂದ ಬರಬೇಕಾದ್ರ ಬರ್ತೇನ್ರಿ ಅಂತೀರೋ ಇಲ್ಲೋ? ಸುಮ್ಮನ ಎದ್ದು ಬಂದ್ರ ಏನಂದಾರು? ಇದಕ್ಕೂ ಹೇಳಿ ತಗೀಬೇಕು." ಹೇಳದೆ ಕಿತ್ತರೆ ಡ್ರೈವ್ ಒಳಗೆ ಏನೇನಿದೆ ಎಂಬ ತನ್ನ ಯಾದಿಯನ್ನೇ ಮರೆಯುತ್ತದೆ, ಎಲ್ಲಾ ಇದ್ದೂ ಏನೂ ಇಲ್ಲದ ಹಾಗೆ ಆಗುತ್ತದೆ ಎಂದು ನನಗೆ ತಿಳಿಸಿದ್ದರು. ಅಂಥ ಡ್ರೈವ್ ಹಚ್ಚಿದಾಗ ಪರದೆಯ ಮೇಲೆ ಒಂದು ಸಣ್ಣ ಚೌಕ ಬಂದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ. ಆ ಚೌಕ ಬಂದರೆ ಕಾಕಾ ಎದ್ದು ಬಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ತಾವೇ ಒತ್ತುತ್ತಿದ್ದರು. ಯಾವುದನ್ನು ಒತ್ತುತ್ತಾರೆ ಎಂದು ನಾನು ನೋಡಿರಲಿಲ್ಲ. ಕೇಳಲು ಬಿಂಕ.

ಅವರಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳು ಗೋಕಾಕದಲ್ಲೇ ಕಾಲೇಜಿಗೆ ಬರುತ್ತಿದ್ದಳು. ಕ್ಲಾಸು ಮುಗಿದರೆ ಅಂಗಡಿಯಲ್ಲಿ ಕುಳಿತು ಓದುವಳು. ನನ್ನ ಬೆಸುಗೆಯ ಹೊಗೆ ಅವಳ ಕಡೆ ಹೋದರೆ ಪುಸ್ತಕ ಬೀಸುತ್ತ, "ಅಣ್ಣಾ, ನಿಮ್ಮ ಧೂಪದಾಗ ನಮ್ಮ ಅಪ್ಪಾಜಿ ದೇವರಾಗಿ ಕುಂತಾರ್ ನೋಡ್ರಿ" ಎನ್ನುವಳು. ಕಾಕಾನ ಡಬ್ಬಿಯ ತೆಳ್ಳನೆ ರೊಟ್ಟಿ ಅವಳು ಬಡಿದದ್ದು. ಪದವಿ ಮುಗಿದ ವರ್ಷ ಅವಳು ಸನ್ಯಾಸದ ದೀಕ್ಷೆ ತೆಗೆದುಕೊಂಡಳು. ಅವರ ಪೈಕಿ ಅದು ದೊಡ್ಡ ಭಾಗ್ಯ. ಊರೆಲ್ಲ ಸೇರಿತ್ತು, ನಾನೂ ಹೋಗಿದ್ದೆ. ಹಿಂದಿನ ದಿನ ಮದುಮಗಳ ಹಾಗೆ ಮೆರವಣಿಗೆಯಲ್ಲಿ ಬಂದವಳು, ಮರುದಿನ ಕೂದಲು ಕಿತ್ತ ತಲೆಯಲ್ಲಿ ಬಿಳಿ ಸೀರೆಯುಟ್ಟು ಕುಳಿತಿದ್ದಳು. ಕಾಕಾ ಸಾಲಿನಲ್ಲಿ ನಿಂತು, ತಮ್ಮ ಪಾಳಿ ಬಂದಾಗ ನೆಲಕ್ಕೆ ಬಾಗಿ, "ವಂದಾಮಿ ಮಾತಾಜಿ" ಎಂದರು. ಅವಳು ಎಲ್ಲರಿಗೂ ಎತ್ತಿದಂತೆ ಅವರಿಗೂ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದಳು. ಆಮೇಲೆ ಸಂಘದ ಜೊತೆ ನಡೆದುಕೊಂಡು ಹೋದಳು. ಈಗ ಯಾವ ಊರಲ್ಲಿದ್ದಾಳೆ ಎಂದು ಕೇಳಿದರೆ ಕಾಕಾ, ವಿಹಾರದಲ್ಲಿದ್ದಾರೆ, ಊರೂರು ನಡೆಯುತ್ತಿದ್ದಾರೆ ಎಂದು ಬಹುವಚನದಲ್ಲಿ ಹೇಳುವರು. ಬೇರೆ ಮಾತಿಲ್ಲ. ಒಂದು ದಿನ ಮಾತ್ರ ಡಬ್ಬಿ ಬಿಚ್ಚಿ, ನನಗಲ್ಲ, ಡಬ್ಬಿಗೇ ಎಂಬಂತೆ, "ರೊಟ್ಟಿ ದಪ್ಪ ಆಗ್ಯಾವ" ಎಂದರು.

ಅದರ ನಂತರ ಅವರಲ್ಲಿ ಒಂದು ಹೊಸ ಚಾಳಿ ಕಂಡೆ. ಮಧ್ಯಾಹ್ನ ನಾನು ಉಂಡು ತಿರುಗಿ ಬರುವ ಹೊತ್ತಿಗೆ ಪರದೆಯನ್ನು ಗೋಡೆಯ ಕಡೆ ಹೊರಳಿಸಿಕೊಂಡು ಕುಳಿತಿರುತ್ತಿದ್ದರು. ನನ್ನ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೇ ಸರಕ್ಕನೆ ವೈರ್ ಕಿತ್ತು ಏನನ್ನೋ ಡ್ರಾವರಿಗೆ ಹಾಕುವರು. ಹೇಳಿ ತೆಗೆಯಬೇಕು ಎನ್ನುವ ಮನುಷ್ಯ ಹೇಳದೆ ಕೀಳುತ್ತಿದ್ದರು. ಗಂಡಸರು ಒಬ್ಬರೇ ಇದ್ದಾಗ ಏನು ನೋಡುತ್ತಾರೆ ಎಂದು ನನಗೂ ಗೊತ್ತಿತ್ತು. ಒಳಗೊಳಗೇ ನಕ್ಕೆ.

ಮುಂದೆ ಮಹಾಪೂರದಲ್ಲಿ ಹೊಳೆ ಊರೊಳಗೆ ಬಂತು, ಅದಕ್ಕೆ ಮೂರು ವರ್ಷ ಮೊದಲಿನ ಮಾತು. ಕಾಕಾ ಬಸದಿಯ ಪೂಜೆಗೆ ಊರಲ್ಲೇ ಉಳಿದಿದ್ದರು. ಅಂಗಡಿಯಲ್ಲಿ ನಾನೊಬ್ಬನೇ. ಹುಕ್ಕೇರಿ ಕಡೆಯ ಒಬ್ಬ ಪ್ರಾಧ್ಯಾಪಕರು ಓಡುತ್ತ ಬಂದರು. ಅವರ ಡ್ರೈವ್ ಟಕ್ ಟಕ್ ಎನ್ನುತ್ತಿತ್ತು. ಇಪ್ಪತ್ತು ವರ್ಷದ ಪಾಠದ ಟಿಪ್ಪಣಿ, ಮಗಳ ಮದುವೆಯ ವಿಡಿಯೋ ಎಲ್ಲಾ ಅದರಲ್ಲೇ. ವೈರ್ ಬದಲಿಸಿ ಹಿಂದೆ ಹಚ್ಚಿದೆ, ಒಮ್ಮೆ ಕಂಡಿತು. ಈಗಲೇ ಇಳಿಸಿಕೊಳ್ಳಬೇಕು, ಮತ್ತೆ ಕಾಣುತ್ತದೋ ಇಲ್ಲವೋ. ಖಾಲಿ ಡ್ರೈವ್ ಯಾವುದೂ ಇರಲಿಲ್ಲ. ಕಾಕಾನ ಡ್ರಾವರ್ ಎಳೆದೆ. ಹಳೆಯ ಅರಿವೆಯಲ್ಲಿ ಸುತ್ತಿದ ಒಂದು ಡ್ರೈವ್ ಇತ್ತು, ಮೇಲೆ ಗಿರಾಕಿಯ ಹೆಸರಿನ ಚೀಟಿ ಇರಲಿಲ್ಲ. ಹೆಸರಿಲ್ಲದ್ದು ನಮ್ಮದೇ ಎಂದು ಹಚ್ಚಿದೆ. ಚೌಕ ಬಂತು.

ಪ್ರಾಧ್ಯಾಪಕರು ನನ್ನ ಹೆಗಲ ಹಿಂದೆ ನಿಂತಿದ್ದರು. ಕನ್ನಡಕ ತಲೆಯ ಮೇಲಿತ್ತು. ಅದನ್ನು ಕಣ್ಣಿಗೆ ಇಳಿಸುತ್ತ, "ಏನೋ ಕೇಳ್ತದಲ್ಲ, ನಾ ಓದ್ಲೇನು?" ಎಂದರು.

"ಬ್ಯಾಡ್ರಿ ಸರ. ನನಗ ಗೊತ್ತೈತಿ" ಎಂದೆ.

ಎಡಗಡೆಯ ಗುಂಡಿ ಒತ್ತಿದೆ. ಇನ್ನೊಂದು ಚೌಕ ಬಂತು, ಅದಕ್ಕೂ ಹೂಂ ಎಂದೆ. ಸಂಜೆಯ ತನಕ ಕೂತು ಅವರದು ಒಂದೂ ಬಿಡದೆ ಇಳಿಸಿದೆ. ಡ್ರೈವ್ ಕಂಠದ ತನಕ ತುಂಬಿತು. ಅವರ ಕಣ್ಣಲ್ಲಿ ನೀರು ಬಂತು, ನನ್ನ ಕೈ ಹಿಡಿದುಕೊಂಡರು. ಆ ಸಂಜೆ ಮೂಡಲಗಿಯ ಬಸ್ಸಿನಲ್ಲಿ ನಾನು ಕೂಡಲಿಲ್ಲ, ಸೀಟಿದ್ದರೂ ನಿಂತೇ ಹೋದೆ. ಅಷ್ಟು ಉಮೇದು.

ಮರುದಿನ ಕಾಕಾ ಚಪ್ಪಲಿ ಬಿಡುವುದರೊಳಗೆ ಎಲ್ಲಾ ಹೇಳಿದೆ. ಚಲೋ ಮಾಡಿದಿ ಎಂದರು. ಆಮೇಲೆ ಯಾವುದಕ್ಕೆ ಇಳಿಸಿದಿ ಎಂದು ಕೇಳಿದರು. ನಿಮ್ಮ ಡ್ರಾವರಿನ ಹಳೆಯದಕ್ಕೆ ಎಂದು ತೋರಿಸಿದೆ. ಹಚ್ಚಿದಾಗ ಏನೋ ಕೇಳಿತು, ಹೂಂ ಅಂದೆ ಎಂದೆ. ಅವರು ಕುರ್ಚಿಯ ತೋಳು ಹಿಡಿದು ಕುಳಿತರು.

"ಏನ್ ಕೇಳಿತ್ತು, ಓದಿದ್ಯಾ?"

"ಓದಿದ್ನಿರಿ."

ಅವರು ನನ್ನ ಮುಖ ನೋಡಲಿಲ್ಲ. ಡ್ರೈವಿಗೆ ವೈರ್ ಹಚ್ಚಿ, ಎತ್ತಿ ಕಿವಿಗೆ ಹಿಡಿದುಕೊಂಡರು. ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಯಿತು, ಅದು ದೂರವಾಗುವ ತನಕ ಹಿಡಿದೇ ಇದ್ದರು. "ಚಲೋ ತಿರಗಾಕತ್ತೈತಿ" ಎಂದು ಕೆಳಗಿಟ್ಟರು. ಆ ದಿನ ಡಬ್ಬಿ ಬಿಚ್ಚಲಿಲ್ಲ. ಕೇಳಿದ್ದಕ್ಕೆ ಉಪವಾಸ ಎಂದರು. ಪ್ರಾಧ್ಯಾಪಕರದನ್ನು ಹೊಸ ಡ್ರೈವಿಗೆ ದಾಟಿಸಿ ಕೊಟ್ಟು, ಈ ಹಳೆಯದರೊಳಗೆ ಮುಂದೆ ಸುಮಾರು ದಿನ ಏನೇನೋ ಪ್ರೋಗ್ರಾಂ ಹಾಕಿ ಹುಡುಕುತ್ತಿದ್ದರು. ಯಾರದು ಎಂದರೆ, ಹಳೆಯ ಗಿರಾಕಿಯದು ಎಂದಷ್ಟೇ.

ಮತ್ತೆರಡು ದಿನಕ್ಕೆ ನನ್ನ ಮೇಜಿನ ಮೇಲೆ ಒಂದು ಲಗ್ನಪತ್ರಿಕೆಯ ಖಾಲಿ ಬೆನ್ನು ಕತ್ತರಿಸಿದ ಚೀಟಿ ಇತ್ತು. ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಅದನ್ನೇ ಕನ್ನಡ ಅಕ್ಷರದಲ್ಲಿ, ಅದರ ಕೆಳಗೆ ಅರ್ಥ: ಈ ಡ್ರೈವನ್ನು ಪೂರ್ತಿ ಅಳಿಸಿ ಹೊಸದು ಮಾಡಲೇ? ಕಡೆಗೆ ಅವರ ದುಂಡಗಿನ ಅಕ್ಷರದಲ್ಲಿ, ತಿಳಿಯದಿದ್ದರೆ ಬೇಡ ಅನ್ನು, ಬೇಡ ಅಂದರೆ ಏನೂ ಹೋಗುವುದಿಲ್ಲ. ಓದುತ್ತ ನನ್ನ ಕಿವಿ ಬಿಸಿಯಾದವು. ಅವರು ಕನ್ನಡಕ ಒರೆಸುತ್ತ, ನನ್ನ ಕಡೆ ತಿರುಗದೆ ಹೇಳಿದರು: "ನನ್ನ ಕಣ್ಣು ಮಂಜಾಗಾಕತ್ತಾವಪಾ. ಇನ್ನ ಪರದೇದು ನೀನ ಓದಿ ಹೇಳಬೇಕು ನನಗ." ಅವರ ಕಣ್ಣು ಚೆನ್ನಾಗಿದ್ದವು. ದಿನಕ್ಕೊಂದು ಚೀಟಿ ಬರುತ್ತ ಹೋಯಿತು. ಕಂಪ್ಯೂಟರ್ ಏನೇನು ಕೇಳಬಹುದೋ ಅಷ್ಟನ್ನೂ ನನ್ನಿಂದ ಓದಿಸಿದರು. ಮೂವತ್ತರ ಆಸುಪಾಸಿನಲ್ಲಿ ನಾನು ಇಂಗ್ಲಿಷ್ ಓದಿದೆ. ಒಬ್ಬರ ಮುಂದೂ ತಲೆ ತಗ್ಗಿಸದೆ ಓದಿದೆ. ತಗ್ಗದ ಹಾಗೆ ಅವರು ನೋಡಿಕೊಂಡರು.

ಹೊಳೆ ಬಂದ ವರ್ಷ ಅಂಗಡಿಯೊಳಗೆ ಎದೆಯ ತನಕ ನೀರು ನಿಂತಿತು. ಕಾಕಾ ಆಮೇಲೆ ಶಟರ್ ಎತ್ತಲಿಲ್ಲ. ನಾನು ಮೂಡಲಗಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಅವರು ಆಗಾಗ ಬಸ್ಸಿಳಿದು ಬಂದು ನನ್ನ ಮೇಜಿನ ಬಾಜೂ ಒಂದು ತಾಸು ಕೂತು, ಐದರೊಳಗೆ ಏಳುವರು. ಪ್ರತಿ ಸಲ "ಬರ್ತೇನಪಾ" ಎನ್ನುವರು. ಕಡೆಯ ಸಲವೂ ಅಂದರು. ಹೋದ ವರ್ಷ ಮಾವಿನ ದಿನಗಳಲ್ಲಿ ಒಂದು ಮುಂಜಾನೆ ಅವರ ಮಗ ಫೋನ್ ಮಾಡಿ, ಅಪ್ಪಾಜಿ ಹೋದರು, ಎದೆ ಹಿಡಿಯಿತು, ಯಾರಿಗೂ ಏನೂ ಹೇಳಲು ಆಗಲಿಲ್ಲ ಎಂದ.

ಕೆಲವು ದಿನ ಬಿಟ್ಟು ಬೆಲ್ಲದ ಬಾಗೇವಾಡಿಗೆ ಹೋಗಿ ಕಾಕಾನ ಹೆಂಡತಿಯ ಮುಂದೆ ಕುಳಿತೆ. ಕಾಕೂ ಗಟ್ಟಿ ಹೆಂಗಸು. ಅಂಗಡಿಯ ಸಾಮಾನು ನಿನಗೇ ಇರಲಿ ಎಂದು ಮಗನ ಕೈಯಿಂದ ಒಂದು ಟ್ರಂಕ್ ತರಿಸಿದರು. ವೈರಿನ ಪೆಟ್ಟಿಗೆ, ಬ್ರಷ್ಷುಗಳು, ರಿಜಿಸ್ಟರುಗಳು, ಅದೇ ಹಳೆಯ ಅರಿವೆಯಲ್ಲಿ ಸುತ್ತಿದ ಡ್ರೈವ್. ನೀರು ಬರುವ ಮೊದಲೇ ಇವನ್ನು ಮನೆಗೆ ತಂದಿದ್ದರಂತೆ. ಮಾತಿಗೆ ಮಾತು ಬಂದು ಕಾಕೂ ಹೇಳಿದರು: ದೀಕ್ಷೆಗೆ ಮೊದಲು ಎರಡು ತಿಂಗಳು ಕಾಕಾ ಮನೆಯಲ್ಲಿ ಮಗಳ ವಿಡಿಯೋ ತೆಗೆದಿದ್ದರಂತೆ. ರೊಟ್ಟಿ ಬಡಿಯುವುದು, ನಗುವುದು, ಅಣ್ಣನ ಜೊತೆ ಜಗಳಾಡುವುದು. ಮಾತಾಜಿ ಆದವರನ್ನು ಮಗಳು ಅಂತ ನೋಡುತ್ತ ಕೂಡುವುದು ಮೋಹ, ಮನೆಯಲ್ಲಿ ಇಡಬಾರದು, ಇನ್ನೊಂದು ಪ್ರತಿ ಮಾಡಬಾರದು ಎಂದು ಕಾಕೂನೇ ಆಣೆ ಹಾಕಿದ್ದರಂತೆ. ಕಾಕಾ ಅದಿದ್ದ ಡ್ರೈವನ್ನು ಅಂಗಡಿಗೆ ಒಯ್ದರು. "ಕಡೀಕ ಹೊಳಿ ಬಂದು ಒಯ್ತು ಅದನ್ನ. ಅವರೇ ಹೇಳಿದ್ರು" ಎಂದರು ಕಾಕೂ.

ನಾನು ಟ್ರಂಕ್ ಹೊತ್ತುಕೊಂಡು ಬಂದೆ. ದಾರಿಯುದ್ದಕ್ಕೂ ನನಗೆ ನಾನೇ, ಅದು ಹೊಳೆ, ಹೊಳೆ ಎಂದು ಹೇಳಿಕೊಂಡೆ. ಅಂಗಡಿಗೆ ಬಂದು ರಿಜಿಸ್ಟರ್ ತೆಗೆದೆ. ಪ್ರಾಧ್ಯಾಪಕರ ಹೆಸರಿದ್ದ ಸಾಲು ಹುಡುಕಿದೆ. ಅದರ ಕೆಳಗೇ, ಗಿರಾಕಿಯ ಹೆಸರಿಲ್ಲದ ಒಂದು ಸಾಲು. ಒಳಗೇನಿತ್ತು: ಮನಿ. ಯಾರು ಕಿತ್ತರು: ನಾನು. ಏನು ಬಂತು: ಬರಲಿಲ್ಲ.

ಸುಳ್ಳಲ್ಲ ಅದು. ನನ್ನ ಚಪ್ಪಲಿಯ ಸಪ್ಪಳಕ್ಕೆ ಅಂಜಿ ಹೇಳದೆ ಕಿತ್ತವರು ಅವರೇ. ಅದಕ್ಕೇ ಡ್ರೈವ್ ತನ್ನ ಯಾದಿ ಮರೆತದ್ದು, ಅದಕ್ಕೇ ಆ ಚೌಕ ಬಂದದ್ದು. ಆದರೆ ಆಗಲೂ ಒಳಗೆ ಎಲ್ಲಾ ಇತ್ತು. ಬೇಡ ಎಂದಿದ್ದರೆ ಅವರು ತಿರುಗಿ ತೆಗೆಯುತ್ತಿದ್ದರು. ಹೂಂ ಅಂದವನ ಹೆಸರು ಆ ಸಾಲಿನಲ್ಲಿ ಇರಲಿಲ್ಲ. ಮನೆಯಲ್ಲಿ ಹೊಳೆಯ ಹೆಸರು ಹೇಳಿದರು, ಪುಸ್ತಕದಲ್ಲಿ ತಮ್ಮದು ಬರೆದರು. ನನ್ನ ಮುಂದೆ ಕಣ್ಣು ಮಂಜು ಎಂದರು.

ಮರುದಿನ ಮೊದಲ ಬಸ್ಸಿಗೆ ಮತ್ತೆ ಹೋದೆ. ಕಾಕೂ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಕೂಡ್ರು ಎಂದರೂ ಕೂಡಲಿಲ್ಲ.

"ಕಾಕೂ, ಅದನ್ನ ಹೊಳಿ ಒಯ್ದಿಲ್ರಿ. ನಾ ಅಳಿಸೇನಿ. ಓದಾಕ ಬರ್ತಿರಲಿಲ್ಲ ನನಗ. ಓದಿದೆ ಅಂತ ಸುಳ್ಳ ಹೇಳಿದೆ."

ಅವರ ಕೈ ಮೊರದಲ್ಲಿ ನಿಂತಿತು. ಯಾವಾಗ ಎಂದು ಕೇಳಿದರು. ಬಸದಿಯ ಪೂಜೆಯ ದಿನ ಎಂದೆ. ಅದರ ಮರುದಿನ ಡಬ್ಬಿಯ ಎರಡೂ ಅಂತಸ್ತು ಹೋದಂತೆ ತಿರುಗಿ ಬಂದದ್ದು ಅವರಿಗೆ ನೆನಪಿತ್ತು. ಕಾಕಾ ಉಪವಾಸ ಅಂದರಂತೆ, ಇವತ್ತು ಅಷ್ಟಮಿ ಅಲ್ಲ, ಚತುರ್ದಶಿ ಅಲ್ಲ, ಯಾವ ಉಪವಾಸ ಎಂದು ಇವರು ಬೈದರಂತೆ.

"ಹೊಳಿ ಒಯ್ತು ಅಂದಾಗ ನಾ ಹೊಳಿಗೆ ಕೈ ಮುಗಿದಿದ್ದೆ, ಮೋಹ ಹರೀತು ಅಂತ" ಎಂದರು. "ಇನ್ನ ನಿನಗ ಕೈ ಮುಗೀಬೇಕೇನ?"

ಅವರು ಬೇಳೆಯೊಳಗಿಂದ ಒಂದು ಹರಳು ತೆಗೆದು ಹೊರಗೆ ಒಗೆದರು.

"ನೀ ಒಮ್ಮೆಯಾದ್ರೂ ನೋಡಿದ್ದ್ಯಾ ಅದನ್ನ?"

"ಇಲ್ರಿ."

"ನಾನೂ ನೋಡಿಲ್ಲ" ಎಂದರು ಕಾಕೂ. ಮೊರ ಪಕ್ಕಕ್ಕೆ ಸರಿಸಿದರು. "ಅವರು ನೋಡು ಬಾ ಅಂತ ಕರೆದಿದ್ರು. ನಾ ಎದ್ದು ಹೋಗಿದ್ದೆ."

ಆಮೇಲೆ ಒಳಗೆ ಹೋಗಿ ರೊಟ್ಟಿ ತಂದು ನನ್ನ ಮುಂದಿಟ್ಟರು. ದಪ್ಪ ರೊಟ್ಟಿ. ಎರಡು ತಿಂದೆ. ಏಳುವಾಗ ಬರ್ತೇನ್ರಿ ಎಂದೆ, ಹೂಂ ಎಂದರು. ಅಂಗಡಿಗೆ ಬಂದು ಆ ಸಾಲಿನಲ್ಲಿ, ನಾನು ಎಂದು ಅವರು ಬರೆದದ್ದರ ಬಾಜೂ, ನನ್ನ ಹೆಸರು ಬರೆದೆ. ಇಂಗ್ಲಿಷಿನಲ್ಲಿ ಬರೆದೆ, ತಪ್ಪಿಲ್ಲದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೂಡಲಗಿಯಲ್ಲಿ ಒಂದು ಅಂಗಡಿ. ಕಂಪ್ಯೂಟರ್ ಎರಡು. ಬೆಸುಗೆಯ ಕಡ್ಡಿ ಮೂರು. ವೈರ್ ಮೂವತ್ತೊಂದು, ಕೆಂಪು ದಾರ ಕಟ್ಟಿದವು ಬೇರೆ ಒಂಬತ್ತು. ಲಗ್ನಪತ್ರಿಕೆಯ ಬೆನ್ನಿನ ಚೀಟಿ ನಲವತ್ತಮೂರು. ರಿಜಿಸ್ಟರ್ ಆರು. ಕಾಕಾನ ಡ್ರೈವ್ ಒಂದು. ಯಾವ ವೈರಿಗೆ, ಯಾವ ಕಂಪ್ಯೂಟರಿಗೆ ಹಚ್ಚಿದರೂ ಕೂಡಲೇ ಗುರುತು ಹಿಡಿಯುತ್ತದೆ. ಒಳಗೆ ಏನೂ ಇಲ್ಲ. ಹೇಳಿಯೇ ತೆಗೆಯುತ್ತೇನೆ.